ಐದಕ್ಷರದ ಮಾತು, ಇಪ್ಪತ್ತನಾಲ್ಕು ಮನೆ

ಮೌಂಟನ್ ವ್ಯೂ ಸ್ಟೇಷನ್ನಿನಿಂದ ಮೆನ್ಲೋ ಪಾರ್ಕಿಗೆ ರೈಲಿನಲ್ಲಿ ಹದಿನೈದು ನಿಮಿಷದ ದಾರಿ. ಅಷ್ಟರೊಳಗೆ ಪದ್ಮಜಾ ಲೋಕದ ಕೆಟ್ಟ ಮಾತುಗಳನ್ನೆಲ್ಲ ಬರೆದು ಮುಗಿಸಬೇಕಾಗಿತ್ತು.

ಕೆಟ್ಟ ಮಾತು ಅಂದರೆ ಬೈಗುಳವಲ್ಲ. ಡೆತ್, ಗ್ರೇವ್, ಆಶಸ್, ಗ್ರೀಫ್. ಸಾವು, ಗೋರಿ, ಬೂದಿ, ದುಃಖ. ಮನೆಯೊಳಗೆ, ಅದರಲ್ಲೂ ದೀಪ ಹಚ್ಚಿದ ಮೇಲೆ, ಬಾಯಲ್ಲಿ ತರಬಾರದ ಮಾತುಗಳು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಸರಿಯಾಗಿ ಐದೈದೇ ಅಕ್ಷರ ಇರುವುದು ಪದ್ಮಜಾಳ ಹಣೆಬರಹ. ಯಾಕೆಂದರೆ ಐದಕ್ಷರದ ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯುವುದೇ ಅವಳ ಕೆಲಸ.

ಅದು ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ಮೆನ್ಲೋ ಪಾರ್ಕಿನ ರೈಲು ಹಳಿಯ ಪಕ್ಕ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಒಂದು ಅಂಗಡಿಯ ಮಹಡಿಯ ಮೇಲೆ, ನಾಲ್ಕು ಜನರ ಪುಟ್ಟ ಕಂಪನಿಯೊಂದಿತ್ತು. ಪದಬಂಧ ಬಿಡಿಸುವವರಿಗಾಗಿ ಅವರು ಅಂಗೈಯಗಲದ ಯಂತ್ರವೊಂದನ್ನು ಮಾಡುತ್ತಿದ್ದರು. ಗೊತ್ತಿರುವ ಅಕ್ಷರಗಳನ್ನು ಒತ್ತಿ, ಗೊತ್ತಿಲ್ಲದ ಕಡೆ ಖಾಲಿ ಬಿಟ್ಟರೆ ಆಯಿತು. ಆ ಅಕ್ಷರಗಳಿರುವ ಐದಕ್ಷರದ ಪದಗಳೆಲ್ಲ ಒಂದರ ಹಿಂದೊಂದು ಗಾಜಿನ ಮೇಲೆ ಮೂಡುತ್ತವೆ, ಕೆಳಗಿನ ಸಾಲಿನಲ್ಲಿ ಅರ್ಥ. ಅರ್ಥದ ಸಾಲಿಗೆ ಇಪ್ಪತ್ತನಾಲ್ಕು ಚೌಕ. ಅಕ್ಷರಕ್ಕೊಂದು ಚೌಕ, ಎರಡು ಪದಗಳ ನಡುವಿನ ಬಿಡುವಿಗೊಂದು, ಅಲ್ಪವಿರಾಮಕ್ಕೂ ಒಂದು. ಇಪ್ಪತ್ತೈದನೆಯದು ಕೇಳಿದರೆ ಇಲ್ಲ.

ಪದ್ಮಜಾ ಅವನ್ನು ಚೌಕ ಅನ್ನುತ್ತಿರಲಿಲ್ಲ, ಮನೆ ಅನ್ನುತ್ತಿದ್ದಳು. ಮೈಸೂರಿನಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡಿ ಬೆಳೆದವಳಿಗೆ ಬೇರೆ ಹೆಸರು ತೋಚುವುದೂ ಇಲ್ಲ. ಚೌಕಾಬಾರದಲ್ಲಿ ಸುತ್ತಲೂ ಇಪ್ಪತ್ತನಾಲ್ಕು ಮನೆ, ನಡುವೆ ಒಂದು ಹಣ್ಣಿನ ಮನೆ. ಕಾಯಿ ಎಲ್ಲ ಮನೆಗಳನ್ನೂ ದಾಟಿ ಅಲ್ಲಿಗೆ ಬಂದರೆ ಹಣ್ಣಾಯಿತು. ಈ ಅಮೆರಿಕದವರು ಇಪ್ಪತ್ತನಾಲ್ಕು ಮನೆ ಕೊಟ್ಟು ಹಣ್ಣಿನ ಮನೆ ಮಾತ್ರ ಮರೆತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದು ಓದುವವರ ಮನಸ್ಸಿನಲ್ಲಿರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡಿದ್ದಳು.

ಮಹಾರಾಣಿ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಆ ಓದು ಯಾವುದಕ್ಕೂ ಬೇಕಾಗದೆ, ಗಂಡ ರಘೋತ್ತಮನ ಜೊತೆ ಎಪ್ಪತ್ತೊಂದರಲ್ಲಿ ಈ ಕಡೆ ಬಂದವಳು ಅವಳು. ರಘೋತ್ತಮ ಕಂಪ್ಯೂಟರಿನ ಚಿಪ್ಪು ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಮಕ್ಕಳಾಗಲಿಲ್ಲ. ಹದಿನೈದು ವರ್ಷ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಅವನಿಗೆ ಅವಳು, ಅವಳಿಗೆ ಅವನು. ಒಂದು ದಿನ ಲೈಬ್ರರಿಯ ಬೋರ್ಡಿನ ಮೇಲೆ, ಪದಗಳನ್ನು ಪ್ರೀತಿಸುವವರು ಬೇಕಾಗಿದ್ದಾರೆ ಎಂಬ ಚೀಟಿ ಕಂಡಿತು. ಇಂಥದಕ್ಕೂ ಜನ ಬೇಕಾಗುತ್ತಾರೆಯೇ ಎಂದು ಎರಡು ಸಲ ಓದಿ, ನಲವತ್ತೈದನೆಯ ವಯಸ್ಸಿನಲ್ಲಿ ಫೋನು ಮಾಡಿದಳು.

ಕೆಲಸ ಮನೆಯಲ್ಲೇ. ಚಪ್ಪಲಿ ಬರುವ ರಟ್ಟಿನ ಡಬ್ಬಿಗಳಲ್ಲಿ ಕಾರ್ಡು ತುಂಬಿ ಕೊಡುತ್ತಿದ್ದರು. ಕಾರ್ಡಿನ ನೆತ್ತಿಯ ಮೇಲೆ ಐದಕ್ಷರದ ಒಂದು ಪದ, ಕೆಳಗೆ ಇಪ್ಪತ್ತನಾಲ್ಕು ಖಾಲಿ ಮನೆ. ಮಧ್ಯಾಹ್ನದ ಹೊತ್ತು ಪದ್ಮಜಾ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಕಾರು ನಿಲ್ಲಿಸುವ ಜಾಗದ ಆಚೆ, ಇನ್ನೂ ಯಾರೂ ಕಡಿಯದ ಒಂದು ಏಪ್ರಿಕಾಟ್ ತೋಟ ಉಳಿದಿತ್ತು. ಪಶ್ಚಿಮದ ಗುಡ್ಡಗಳ ತಲೆಯ ಮೇಲೆ ಮಂಜು ಕೂತು, ಇಳಿಯಲೋ ಬೇಡವೋ ಎಂದು ಸಂಜೆಯವರೆಗೂ ಯೋಚಿಸುತ್ತಿತ್ತು. ಆ ಬಿಸಿಲಿನಲ್ಲಿ ಕಣ್ಣು ಅರ್ಧ ಮುಚ್ಚಿಕೊಂಡು ಅವಳು ಒಂದು ಪದವನ್ನು ಒಳಗೆ ಬಿಟ್ಟುಕೊಂಡು ಸುಮ್ಮನಿರುತ್ತಿದ್ದಳು. ಒಲೆಯ ಮೇಲೆ ಬೇಳೆ ಬೇಯುತ್ತಿರುತ್ತಿತ್ತು. ಪದ ಎಲ್ಲೆಲ್ಲೋ ಹೋಗಿ ಬರುತ್ತಿತ್ತು, ಬರುವಾಗ ಏನನ್ನಾದರೂ ಹಿಡಿದುಕೊಂಡೇ ಬರುತ್ತಿತ್ತು.

ಎಂಬರ್ ಎನ್ನುವ ಪದ ಬಂದ ದಿನ ಅಗ್ರಹಾರದ ಮನೆಯ ಬಚ್ಚಲೊಲೆ ಕಣ್ಣಮುಂದೆ ಬಂತು. ಬೂದಿ ಕೆದಕಿದರೆ ಒಳಗೆ ಕೆಂಡ. ಬೂದಿಯಡಿಯ ಜೀವಂತ ಕೆಂಡ ಎಂದು ಇಂಗ್ಲಿಷಿನಲ್ಲಿ ಬರೆದಳು, ಹತ್ತೊಂಬತ್ತು ಮನೆಯಲ್ಲಿ ಮುಗಿಯಿತು. ಕ್ವಿಲ್ಟ್ ಬಂದಾಗ ಕೌದಿ ನೆನಪಾಯಿತು. ಎರಡು ಬಟ್ಟೆ ಒಂದಾಗಿ ಹೊಲಿದದ್ದು, ಇಪ್ಪತ್ತೆರಡು ಮನೆ. ಹೀಗೆ ಒಂದು ಅರ್ಥ ಅಚ್ಚುಕಟ್ಟಾಗಿ ಕೂತ ದಿನ ಅವಳು ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದಳು.

"ಏನೇ ಪದ್ಮ, ಇವತ್ತು ಯಾವ ಅಕ್ಷರ?" ರಘೋತ್ತಮ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದ.

"ಕ್ಯೂ, ರೀ. ಕ್ವಿಲ್ಟು, ಕ್ವೀನು, ಕ್ವೈಟು."

"ಅದಕ್ಕೇ ಸಾರೂ ಕ್ವೈಟಾಗಿದೆ. ಉಪ್ಪು ಮಾತೇ ಆಡ್ತಿಲ್ಲ."

ರಘೋತ್ತಮನ ಮಾತೇ ಹಾಗೆ. ಅವನು ನಗಿಸದೆ ಇದ್ದ ಊಟವೇ ಇರಲಿಲ್ಲ.

ಕೆಟ್ಟ ಮಾತುಗಳಿಗೆ ರೈಲು ಯಾಕೆ ಎಂದರೆ, ಅದಕ್ಕೆ ಕಾರಣ ಅಜ್ಜಿ. ಆಡಿದ ಮಾತಿಗೆಲ್ಲ ಅಸ್ತು ಅನ್ನುತ್ತ ಮನೆಯ ಮೇಲೆ ದೇವತೆಗಳು ಓಡಾಡುತ್ತಿರುತ್ತಾರೆ, ಯಾವ ಹೊತ್ತಿನಲ್ಲಿ ಯಾರು ಇರುತ್ತಾರೋ ಗೊತ್ತಿಲ್ಲ, ಬಾಯಿ ಹಿಡಿತದಲ್ಲಿರಲಿ ಎಂದು ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಆ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಹೊರಟವರು ಹೋಗುತ್ತಿರಲಿಲ್ಲ, ಬರುತ್ತೇನೆ ಅನ್ನುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದವಳು ಮೌಂಟನ್ ವ್ಯೂನ ಊಟದ ಮೇಜಿನ ಮೇಲೆ ಸಾವಿನ ಅರ್ಥ ಬರೆಯುವುದೆಂದರೆ ಹೇಗೆ?

"ನಿಮ್ಮಜ್ಜಿ ದೇವತೆಗಳಿಗೆ ಇಂಗ್ಲಿಷ್ ಬರತ್ತೇನೇ?" ಎಂದು ರಘೋತ್ತಮ ರೇಗಿಸುತ್ತಿದ್ದ.

"ಬರದೇ ಏನು? ಮೈಸೂರಲ್ಲಿ ಕಾನ್ವೆಂಟಿನ ಮೇಲೂ ಓಡಾಡಿರ್ತಾರೆ, ಕಲ್ತಿರ್ತಾರೆ."

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಅಂಥ ಕಾರ್ಡುಗಳನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಬೇರೆ ಇಡುವುದು. ಶುಕ್ರವಾರ ಕಾರ್ಡು ಹಿಂತಿರುಗಿಸಲು ಹೋಗುವಾಗ ರೈಲಿನಲ್ಲಿ ಬರೆಯುವುದು. ರೈಲಿಗೆ ಹೊಸಿಲಿಲ್ಲ, ದೀಪವಿಲ್ಲ, ಅದು ಯಾರ ಮನೆಯೂ ಅಲ್ಲ. ಕಿಟಕಿಯಾಚೆ ನೀಲಗಿರಿ ಮರಗಳು ಹಿಂದಕ್ಕೆ ಓಡುತ್ತಿದ್ದವು. ಬರೆದ ಮಾತುಗಳು ಅವುಗಳ ಜೊತೆ ಹಿಂದೆ ಉಳಿಯುತ್ತವೆ, ತನ್ನ ಜೊತೆ ಮನೆಗೆ ಬರುವುದಿಲ್ಲ ಎಂದು ಅವಳ ನಂಬಿಕೆ. ಮೆನ್ಲೋ ಪಾರ್ಕಿನಲ್ಲಿ ಇಳಿಯುವಾಗ ಮನಸ್ಸು ಹಗುರಾಗಿರುತ್ತಿತ್ತು.

ಅಲ್ಲಿ ಕಾರ್ಡು ನೋಡಿ ತೆಗೆದುಕೊಳ್ಳುವವಳು ಹೆಲೆನ್. ಅರವತ್ತರ ಆಸುಪಾಸಿನ, ಎತ್ತರದ, ತುಟಿಗೆ ಕೆಂಪು ಬಳಿದುಕೊಂಡ ಹೆಂಗಸು. ಚಳಿ ಇರಲಿ ಇಲ್ಲದಿರಲಿ ಕೆಂಪು ಕೋಟು. ಎಡಗೈಯಲ್ಲಿ ಮದುವೆಯ ಉಂಗುರ. ಕಾರ್ಡುಗಳನ್ನು ಒಂದೊಂದಾಗಿ ಓದಿ, ಚೆನ್ನಾಗಿದ್ದದ್ದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಪದ್ಮಜಾಳನ್ನು ಓದು ಬಂದವಳೆಂದು ಈ ದೇಶದಲ್ಲಿ ಮೊದಲು ಗುರುತಿಸಿದವಳು ಅವಳೇ. ಶುಕ್ರವಾರ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದರು, ಇವಳ ಚಿತ್ರಾನ್ನ, ಅವಳ ಬ್ರೆಡ್ಡು. "ವಾಲ್ಟರ್‌ಗೆ ಈ ಹುಳಿ ಬ್ರೆಡ್ಡೆಂದರೆ ಪ್ರಾಣ," ಎಂದು ಹೆಲೆನ್ ಹೇಳುತ್ತಿದ್ದಳು. "ವಾಲ್ಟರ್‌ಗೆ ಮಂಜು ಅಂದರೆ ಆಗುವುದೇ ಇಲ್ಲ." ವಾಲ್ಟರ್ ಅವಳ ಗಂಡ. ಪದ್ಮಜಾ ಅವನನ್ನು ನೋಡಿರಲಿಲ್ಲ, ಆದರೆ ಅವನ ಇಷ್ಟಾನಿಷ್ಟಗಳೆಲ್ಲ ಬಾಯಿಪಾಠವಾಗಿದ್ದವು.

ಆ ವರ್ಷದ ಗೌರಿಹಬ್ಬಕ್ಕೆ ಒಂದು ಪೇಚು ಬಂತು. ಪ್ರತಿವರ್ಷ ಬಾಗಿನ ತೆಗೆದುಕೊಳ್ಳಲು ಬರುತ್ತಿದ್ದ ಉಡುಪಿಯ ಜಯಂತಿ, ಗಂಡನ ಕೆಲಸದ ಹಿಂದೆ ಟೆಕ್ಸಾಸಿಗೆ ಹೊರಟುಹೋಗಿದ್ದಳು.

"ಬಾಗಿನ ಕೊಡೋಕೆ ಒಬ್ಬ ಮುತ್ತೈದೆ ಇಲ್ವಲ್ರೀ ಈ ಊರಲ್ಲಿ," ಎಂದು ಪದ್ಮಜಾ ಕೊರಗಿದಳು.

"ನಿನ್ನ ಹೆಲೆನ್ ಇದಾಳಲ್ಲ. ಉಂಗುರ ಇದೆ, ಕೆಂಪು ತುಟಿ ಇದೆ, ಮಾತೆತ್ತಿದ್ರೆ ಗಂಡನ ಹೆಸರು. ಗೌರಮ್ಮನಿಗೆ ಇನ್ನೇನು ಬೇಕೇ?"

ತಮಾಷೆಗೆ ಅಂದದ್ದು ಅವಳಿಗೆ ಸರಿಯೆನಿಸಿತು. ಮೊರ ಸಿಗದೆ ಸ್ಯಾನ್ ಫ್ರಾನ್ಸಿಸ್ಕೋದ ಚೀನೀಯರ ಬೀದಿಯಿಂದ ತಂದಿದ್ದ ಎರಡು ಬಿದಿರಿನ ತಟ್ಟೆಗಳಿಗೆ ಅರಿಶಿನ ಬಳಿದಳು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಹಸಿರು ಗಾಜಿನ ಬಳೆ. ಹೆಲೆನ್ ಬಂದು ಗೌರಿಯ ಮುಂದೆ ಮಂಡಿ ಮಡಿಸಲಾಗದೆ ಒಂದು ಸ್ಟೂಲಿನ ಮೇಲೆ ಕೂತಳು.

"ಇದು ಗೌರಿಯ ಹೆಸರಿನಲ್ಲಿ ಮದುವೆಯಾದ ಹೆಂಗಸಿಗೆ ಕೊಡೋದು," ಎಂದು ಪದ್ಮಜಾ ಇಂಗ್ಲಿಷಿನಲ್ಲಿ ವಿವರಿಸಿದಳು.

ಹೆಲೆನ್ ಗೌರಿಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. "ಹಾಗಾದರೆ ನನಗೇ," ಎಂದು ಕೊರಳಿನ ವಸ್ತ್ರವನ್ನು ಸೆರಗಿನಂತೆ ಚಾಚಿದಳು. ಬಳೆ ಕೈಗೆ ಏರಲಿಲ್ಲ, ಸೋಪು ಹಚ್ಚಿ ಏರಿಸಬೇಕಾಯಿತು. ಹೋಗುವಾಗ ಅವಳ ಹಣೆಯಲ್ಲಿ ಕುಂಕುಮ, ಕಣ್ಣಲ್ಲಿ ನೀರು. ಅಮೆರಿಕದವರಿಗೂ ಗೌರಿಯ ಮಹಿಮೆ ತಿಳಿಯುತ್ತದಲ್ಲ ಎಂದು ಪದ್ಮಜಾಗೆ ಬಹಳ ಸಂತೋಷವಾಯಿತು.

ಅದಾಗಿ ಒಂದು ತಿಂಗಳಿಗೆ, ಊರಂಚಿನ ಕೊಲ್ಲಿಯ ದಂಡೆಯಲ್ಲಿ ಸಂಜೆ ನಡೆಯುತ್ತಿದ್ದಾಗ ರಘೋತ್ತಮ ನಿಂತುಬಿಟ್ಟ. "ಎದೆ ಹಿಡಿದ ಹಾಗಾಗ್ತಿದೆ ಕಣೇ," ಎಂದ. ಅವನ ಮುಖದಲ್ಲಿ ನಗು ಇರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ನಗುವಿಲ್ಲದ ಆ ಮುಖ ನೋಡಿ ಪದ್ಮಜಾ ಗುರುತೇ ಸಿಗದೆ ಬೆದರಿದಳು.

ಹೃದಯದ ಮೂರು ರಕ್ತನಾಳ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ನವೆಂಬರಿನ ಒಂದು ಗುರುವಾರಕ್ಕೆ ಆಪರೇಷನ್ ನಿಗದಿಯಾಯಿತು. ರಘೋತ್ತಮನಿಗೆ ಮಾತು ತಿರುಗಿ ಬಂದಿತ್ತು. "ಮೂರು ರಸ್ತೆ ಬ್ಲಾಕಂತೆ. ಹೊಸ ಫ್ರೀವೇ ಹಾಕ್ತಾರೆ, ನೀನ್ಯಾಕೆ ಹೆದರ್ತೀಯಾ?" ಎಂದ. ಅವಳು ಹೆದರಿದ್ದಳು. ಅವನಿಲ್ಲದ ಆ ಎರಡು ಕೋಣೆಗಳನ್ನು ಮನಸ್ಸು ನೆನೆಸಿಕೊಳ್ಳಲು ಹೋಗಿ, ಬಾಗಿಲಲ್ಲೇ ನಿಂತು ಓಡಿಬರುತ್ತಿತ್ತು.

ಆ ವಾರವೇ ಡಬ್ಲ್ಯೂ ಅಕ್ಷರದ ಡಬ್ಬಿ. ಅದರ ನಡುವೆ ವಿಡೋ ಎಂಬ ಕಾರ್ಡು. ವಿಧವೆ.

ಪದ್ಮಜಾ ಅದನ್ನು ಮುಟ್ಟಿದ ಬೆರಳನ್ನು ತೊಳೆದುಕೊಂಡಳು. ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಡಬ್ಬಿ ಮನೆಯೊಳಗಿದೆ ಎನಿಸಿ, ತೆಗೆದು ಕೈಚೀಲದಲ್ಲಿಟ್ಟು, ಚೀಲವನ್ನು ಬಾಲ್ಕನಿಯಲ್ಲಿ ನೇತುಹಾಕಿದಳು.

"ಏನೇ ಇದು, ಬ್ಯಾಗು ಒಣಗಹಾಕಿದೀಯಾ?" ಎಂದ ರಘೋತ್ತಮ.

ಶುಕ್ರವಾರ ರೈಲಿನಲ್ಲಿ ಕಾರ್ಡು ಮಡಿಲಲ್ಲಿಟ್ಟುಕೊಂಡು ಕೂತಳು. ಪಾಲೋ ಆಲ್ಟೋ ಬಂತು, ಹೋಯಿತು. ಪೆನ್ನಿನ ಮುಚ್ಚಳವನ್ನೂ ತೆಗೆಯಲಾಗಲಿಲ್ಲ. ಈ ಒಂದು ಮಾತು ಮಾತ್ರ ರೈಲಿನಲ್ಲಿ ಉಳಿಯುವುದಿಲ್ಲ, ತನ್ನ ಹಿಂದೆಯೇ ಇಳಿದು ಮನೆಯವರೆಗೆ ನಡೆದುಬರುತ್ತದೆ ಎಂದು ಅವಳಿಗೆ ಖಚಿತವಾಗಿ ತೋರಿತು. ಅರ್ಥ ಬರೆಯದಿದ್ದರೆ ಆ ಪದ ಇಲ್ಲ, ಪದ ಇಲ್ಲದಿದ್ದರೆ ಅದು ಆಗುವುದಿಲ್ಲ. ಓದಿದವಳ ತರ್ಕವಲ್ಲ ಅದು, ಅವಳಿಗೂ ಗೊತ್ತು. ಕಾರ್ಡನ್ನು ಮತ್ತೆ ಚೀಲಕ್ಕೆ ಸೇರಿಸಿ, ಉಳಿದವನ್ನು ಕೊಟ್ಟು ಬಂದಳು.

ಮಂಗಳವಾರ ಮಧ್ಯಾಹ್ನ ಹೆಲೆನ್ ಫೋನು ಮಾಡಿದಳು. ಎಲ್ಲ ಡಬ್ಬಿ ಎಣಿಸಿದ್ದಾಳೆ, ನಾಲ್ಕು ಸಾವಿರದ ಮುನ್ನೂರ ಆರು ಕಾರ್ಡಿನಲ್ಲಿ ಒಂದು ಕಮ್ಮಿ, ವಿಡೋ. ಶುಕ್ರವಾರ ಪಟ್ಟಿ ಚಿಪ್ಪಿನ ಕಾರ್ಖಾನೆಗೆ ಹೋಗುತ್ತದೆ. ಒಂದು ಸಲ ಅಚ್ಚಾದರೆ ತಿದ್ದಲು ಬರುವುದಿಲ್ಲ. ಆಮೇಲೆ ಯಾರು ಕೇಳಿದರೂ ಯಂತ್ರ ಅಂಥ ಪದವೇ ಇಲ್ಲ ಅನ್ನುತ್ತದೆ.

"ಎಲ್ಲೋ ಬಿದ್ದಿರಬೇಕು," ಎಂದು ಪದ್ಮಜಾ ಸುಳ್ಳು ಹೇಳಿದಳು.

"ನಿನಗೆ ಗುರುವಾರದ ಚಿಂತೆ, ಪದ್ಮಾ. ಇದನ್ನು ನಾನೇ ಬರೆಯೋಣವೆಂದು ನಾಲ್ಕು ಸಲ ಕೂತೆ. ನನಗೂ ಆಗುತ್ತಿಲ್ಲ. ಹನ್ನೊಂದು ವರ್ಷದಿಂದ ನಾನೇ ಅದಾಗಿದ್ದೂ ಆಗುತ್ತಿಲ್ಲ, ನೋಡು." ಹೆಲೆನ್ ಸಣ್ಣಗೆ ನಕ್ಕಳು. "ಹೋಗಲಿ, ಗುರುವಾರ ಬೆಳಿಗ್ಗೆ ನಾನು ಕಾರು ತರುತ್ತೇನೆ. ಆಸ್ಪತ್ರೆಗೆ ಒಟ್ಟಿಗೆ ಹೋಗೋಣ."

ಫೋನು ಇಟ್ಟ ಪದ್ಮಜಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಮೈಸೂರಿನಲ್ಲಾಗಿದ್ದರೆ ಇಂಥ ತಪ್ಪು ಆಗುತ್ತಲೇ ಇರಲಿಲ್ಲ. ಅಲ್ಲಿ ಹೆಂಗಸನ್ನು ನೋಡಿದೊಡನೆ ಓದಿಬಿಡಬಹುದಿತ್ತು. ಹಣೆ, ಕೊರಳು, ಕೈ, ಕಾಲ್ಬೆರಳು, ಎಲ್ಲ ಕಡೆಯೂ ಬರೆದೇ ಇರುತ್ತಿತ್ತು. ಇಲ್ಲಿಯ ಉಂಗುರ, ಇಲ್ಲಿಯ ಕೆಂಪು ತುಟಿ ಇವನ್ನು ಅವಳು ತನ್ನೂರಿನ ಲಿಪಿಯಲ್ಲಿ ಓದಿಕೊಂಡಿದ್ದಳು. ವಿಧವೆಯ ಹಣೆಗೆ ಕುಂಕುಮವಿಟ್ಟು, ಗೌರಿಯ ಬಾಗಿನ ಕೊಟ್ಟಿದ್ದಳು. ಭಾದ್ರಪದದಲ್ಲಿ ಬಾಗಿನ, ಆಶ್ವಯುಜದಲ್ಲಿ ಅವನ ಎದೆನೋವು. ಎರಡನ್ನೂ ಜೋಡಿಸಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಸಿಟ್ಟು ಬಂತು. ಮದುವೆಯಾದವಳಿಗೆ ಎಂದು ಬಿಡಿಸಿ ಹೇಳಿದ್ದೆನಲ್ಲ, ಯಾಕೆ ಕೈಚಾಚಿದಳು? ಜೀವಮಾನದಲ್ಲಿ ಸಿಕ್ಕ ಒಬ್ಬಳೇ ಗೆಳತಿಯನ್ನು ಪದ್ಮಜಾ ಆ ಮಧ್ಯಾಹ್ನ ಮನಸಾರೆ ದ್ವೇಷಿಸಿದಳು. ಗಂಡನಿಗೆ ಏನೂ ಹೇಳಲಿಲ್ಲ. ಹೆಲೆನ್ ಆರೂವರೆಗೆ ಬರುತ್ತಾಳೆ, ಅವಳು ಎದುರಾಗುವ ಮೊದಲೇ ಹೊರಟುಬಿಡಬೇಕೆಂದು ಆರು ಗಂಟೆಗೆ ಟ್ಯಾಕ್ಸಿ ಹೇಳಿದಳು.

ಗುರುವಾರ ಬೆಳಿಗ್ಗೆ ಮಂಜು ಕೊನೆಗೂ ಇಳಿದಿತ್ತು. ಏಪ್ರಿಕಾಟ್ ತೋಟ ಕಾಣುತ್ತಿರಲಿಲ್ಲ, ಕೆಳಗೆ ನಿಂತಿದ್ದ ಕಾರುಗಳೂ ಕಾಣುತ್ತಿರಲಿಲ್ಲ. ಅವರ ಬಾಗಿಲೊಂದೇ ಲೋಕದಲ್ಲಿ ಉಳಿದಂತಿತ್ತು. ಪದ್ಮಜಾ ದೇವರಿಗೆ ದೀಪ ಹಚ್ಚಿ, ಗಂಡನ ಹಣೆಗೆ ಅಕ್ಷತೆ ಇಟ್ಟು, ಬಲಗಾಲು ಹೊರಗಿಡಲು ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಮಂಜಿನೊಳಗಿನಿಂದ ಹೆಲೆನ್ ಹತ್ತಿ ಬರುತ್ತಿದ್ದಳು, ಕೆಂಪು ಕೋಟು, ಕೈಯಲ್ಲಿ ಗೌರಿಯ ಹಸಿರು ಬಳೆ. ಅರ್ಧ ಗಂಟೆ ಮೊದಲೇ ಬಂದಿದ್ದಳು.

ಪದ್ಮಜಾ ಹಿಂದೆ ಸರಿದಳು. "ಒಂದ್ನಿಮಿಷ ಒಳಗೆ ಬನ್ರೀ. ಕೂತು, ನೀರು ಕುಡಿದು ಹೊರಡೋಣ," ಎಂದು ಗಂಡನಿಗೆ ಹೇಳಿ, ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

"ಆಪರೇಷನ್ನಿಗೆ ನೀರು ಕುಡೀಬಾರದು ಅಂದಿದಾರಲ್ಲೇ," ಎಂದ ರಘೋತ್ತಮ.

ಅವಳು ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಹೆಲೆನ್‌ಗೆ ಏನು ಅರ್ಥವಾಯಿತೋ, ತಾನು ಹೊತ್ತಿಗೆ ಮೊದಲು ಬಂದು ತೊಂದರೆ ಕೊಟ್ಟೆನೆಂದು ತಿಳಿದಳೋ ಏನೋ, ಮೆಲ್ಲಗೆ ಪಕ್ಕಕ್ಕೆ ಸರಿದು ಕಂಬದ ಮರೆಗೆ ನಿಂತಿದ್ದಳು. ಅವಳು ಕಾಣುತ್ತಿರಲಿಲ್ಲ. ಕಂಬದ ಅಂಚಿನಲ್ಲಿ ಕೋಟಿನ ಕೆಂಪು ಮಾತ್ರ ಒಂದು ಬೆರಳಿನಷ್ಟು ಕಾಣುತ್ತಿತ್ತು.

ಪದ್ಮಜಾ ಆ ಕೆಂಪನ್ನು ಮೊದಲೇ ನೋಡಿದ್ದಳು.

ಅಜ್ಜಿ ಉಡುತ್ತಿದ್ದದ್ದು ಕೆಂಪು ಸೀರೆ. ಹದಿನೆಂಟಕ್ಕೇ ತಲೆ ಬೋಳಿಸಿ ಉಡಿಸಿದ ಕೆಂಪು. ಮನೆಯಿಂದ ಯಾರು ಹೊರಟರೂ, ಯಾರೂ ಹೇಳಬೇಕಾಗಿರಲಿಲ್ಲ, ಅಜ್ಜಿ ತಾವಾಗಿಯೇ ಎದ್ದು ಅಡುಗೆಮನೆಯ ಬಾಗಿಲ ಮರೆಗೆ ಹೋಗುತ್ತಿದ್ದರು. ತಮ್ಮ ಮುಖದಿಂದ ಯಾರ ಕೆಲಸವೂ ಕೆಡಬಾರದು ಎಂದು. ಪರೀಕ್ಷೆಗೆ ಹೊರಟಾಗಲೂ ಹಾಗೇ, ಎಪ್ಪತ್ತೊಂದರಲ್ಲಿ ಅಮೆರಿಕಕ್ಕೆ ಹೊರಟ ದಿನವೂ ಹಾಗೇ. ಜಟಕಾ ಬಂದಿತ್ತು, ಎಲ್ಲರೂ ಅವಸರ ಮಾಡುತ್ತಿದ್ದರು. ಬಾಗಿಲ ಅಂಚಿನಲ್ಲಿ ಒಂದು ಬೆರಳಿನಷ್ಟು ಕೆಂಪು ಕಂಡಿತ್ತು. ಪದ್ಮಜಾ ಕಂಡೂ ಹೋಗಿ ನಮಸ್ಕಾರ ಮಾಡಲಿಲ್ಲ, ಒಳ್ಳೆಯ ಗಳಿಗೆ ಮೀರುತ್ತದೆಂದು. ಬರುತ್ತೇನೆ ಎಂದು ಜಗಲಿಯಿಂದಲೇ ಕೂಗಿದಳು. ಮುಂದಿನ ವೈಶಾಖದಲ್ಲಿ ಅಜ್ಜಿ ತೀರಿಕೊಂಡ ಕಾಗದ ಬಂತು. ಅಸ್ತು ದೇವತೆಗಳಿಗೆ ಹೆದರಿ ಜೀವಮಾನವೆಲ್ಲ ಒಳ್ಳೆಯ ಮಾತನ್ನೇ ಆಡಿದ ಅಜ್ಜಿಗೆ ಆ ಮನೆಯಲ್ಲಿ ಒಂದು ಒಳ್ಳೆಯ ಮಾತು ಉಳಿದಿರಲಿಲ್ಲ. ಬಾಯಲ್ಲಿ ತರಬಾರದ ಪದ ಎಂದು ತಾನು ಬಾಲ್ಕನಿಯಲ್ಲಿ ನೇತುಹಾಕಿದ್ದು ಅಜ್ಜಿಯನ್ನೇ ಎಂದು ಪದ್ಮಜಾಗೆ ಆಗ ತಿಳಿಯಿತು.

ಅವಳು ಬಾಗಿಲನ್ನು ಪೂರಾ ತೆರೆದಳು. ಹೊಸಿಲು ದಾಟಿ ಹೋಗಿ, ಕಂಬದ ಹಿಂದಿದ್ದವಳ ಕೈ ಹಿಡಿದು ಎಳೆದು, ಬಾಗಿಲಿನ ನೇರಕ್ಕೆ ತಂದು ನಿಲ್ಲಿಸಿದಳು.

"ಇಲ್ಲೇ ನಿಲ್ಲು, ಹೆಲೆನ್. ನಮ್ಮೆದುರಿಗೇ ನಿಂತಿರು," ಎಂದಳು. ಗಂಡನ ಕಡೆ ತಿರುಗಿ, "ಬನ್ರೀ, ಹೊರಡೋಣ," ಎಂದಳು.

ಕೆಳಗೆ ಬಂದಿದ್ದ ಟ್ಯಾಕ್ಸಿಯವನನ್ನು ಕ್ಷಮೆ ಕೇಳಿ ಕಳಿಸಿದರು.

ರಘೋತ್ತಮನನ್ನು ಗಾಲಿಯ ಮಂಚದಲ್ಲಿ ಒಳಗೆ ಕರೆದುಕೊಂಡು ಹೋದ ಮೇಲೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇಬ್ಬರೇ ಉಳಿದರು. ದೊಡ್ಡ ಗಾಜಿನ ಕಿಟಕಿ, ಅದರಾಚೆ ಬೆಳ್ಳಗೆ ಮಂಜು. ಗಡಿಯಾರದ ಮುಳ್ಳು ನಿಧಾನವಾಗಿ ಚಲಿಸುತ್ತಿತ್ತು. ಪದ್ಮಜಾ ಕೈಚೀಲದಿಂದ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಎಲ್ಲೂ ಬಿದ್ದಿರಲಿಲ್ಲ," ಎಂದಳು. ಎಲ್ಲವನ್ನೂ ಹೇಳಿದಳು. ಅಸ್ತು ದೇವತೆಗಳನ್ನು, ರೈಲನ್ನು, ಬಾಗಿನವನ್ನು, ಟ್ಯಾಕ್ಸಿಯನ್ನು, ಅಜ್ಜಿಯನ್ನು. ಹೇಳುತ್ತ ಅತ್ತಳು. ಹೆಲೆನ್ ಕೈಯ ಬಳೆಗಳನ್ನು ತಿರುಗಿಸಿಕೊಂಡಳು.

"ನಾನು ನಿನಗೆ ಸುಳ್ಳು ಹೇಳಲಿಲ್ಲ, ಪದ್ಮಾ," ಎಂದಳು. "ಮದುವೆಯಾದವಳಿಗೆ ಅಂದೆ ನೀನು. ನಾನು ಮದುವೆಯಾದವಳೇ. ವಾಲ್ಟರ್ ಹೋದ. ನಾನೆಲ್ಲಿ ಹೋದೆ?"

ಆ ಮಾತು ಪದ್ಮಜಾಳೊಳಗೆ ಇಳಿಯಿತು. ಮಧ್ಯಾಹ್ನದ ಕಿಟಕಿಯಲ್ಲಿ ಪದವೊಂದನ್ನು ಒಳಗೆ ಬಿಟ್ಟುಕೊಂಡು ಕೂರುವಂತೆ ಅವಳು ಕಣ್ಣು ಅರ್ಧ ಮುಚ್ಚಿಕೊಂಡಳು. ಮಂಜು, ಬಚ್ಚಲೊಲೆ, ಬೂದಿಯಡಿಯ ಕೆಂಡ, ಐವತ್ತು ವರ್ಷ ಒಂದೇ ಬಣ್ಣ ಉಟ್ಟು ಪ್ರತಿ ಸಂಜೆ ಯಾರ ಹೆಸರನ್ನೋ ತುಟಿಯೊಳಗೆ ಹೇಳಿಕೊಳ್ಳುತ್ತಿದ್ದ ಅಜ್ಜಿ. ಒಳಗಡೆ ಅವನ ಎದೆ ತೆರೆದಿದ್ದಾರೆ, ಈಗ, ಈ ಹೊತ್ತಿನಲ್ಲಿ. ಬರೆಯಬಾರದ ಹೊತ್ತು ಎಂಬುದು ಇದ್ದರೆ ಅದು ಇದೇ. ಅವಳು ಪೆನ್ನಿನ ಮುಚ್ಚಳ ತೆಗೆದು, ಮನೆಗೊಂದು ಅಕ್ಷರದಂತೆ ಬರೆದಳು.

ವೈಫ್, ಸ್ಟಿಲ್, ಆಫ್ ಒನ್ ಗಾನ್. ಹೋದವನೊಬ್ಬನ ಹೆಂಡತಿ, ಈಗಲೂ.

ಬೆರಳಿಟ್ಟು ಎಣಿಸಿದಳು. ಎರಡು ಅಲ್ಪವಿರಾಮ, ನಾಲ್ಕು ಬಿಡುವು, ಉಳಿದವು ಅಕ್ಷರ. ಇಪ್ಪತ್ತನಾಲ್ಕು ಮನೆಯೂ ತುಂಬಿದ್ದವು. ದೇವತೆಗಳು ಮೇಲೆ ಓಡಾಡುತ್ತಿದ್ದರೆ ಓಡಾಡಲಿ, ಅಸ್ತು ಅನ್ನುವುದಾದರೆ ಇದಕ್ಕೂ ಅನ್ನಲಿ ಎಂದುಕೊಂಡಳು. ಹೆಲೆನ್ ಕಾರ್ಡು ತೆಗೆದುಕೊಂಡು ಓದಿದಳು. ಎದೆಗೆ ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು, ಬಳೆಗಳೂ.

ಮಧ್ಯಾಹ್ನ ಒಂದೂವರೆಗೆ ಡಾಕ್ಟರು ಹಸಿರು ಟೋಪಿ ಕೈಯಲ್ಲಿ ಹಿಡಿದು ಬಂದರು. ಅವರ ಮುಖದಲ್ಲಿ ನಗು ಇತ್ತು. ರಘೋತ್ತಮ ಮಾರನೆಯ ದಿನ ಕಣ್ಣು ಬಿಟ್ಟು ಆಡಿದ ಮೊದಲ ಮಾತು, "ಫ್ರೀವೇ ಆಯ್ತೇನೇ? ಟೋಲ್ ಎಷ್ಟಂತೆ?" ಎಂದು. ಆಸ್ಪತ್ರೆಯ ನರ್ಸಿಗೆ ಪದ್ಮಜಾ ಯಾಕೆ ನಗುತ್ತ ಅಳುತ್ತಿದ್ದಾಳೆಂದು ತಿಳಿಯಲಿಲ್ಲ.

ಮುಂದಿನ ಮಾರ್ಚಿನಲ್ಲಿ, ಏಪ್ರಿಕಾಟ್ ತೋಟ ಬಿಳಿಯ ಹೂ ಬಿಟ್ಟಾಗ, ಯಂತ್ರ ಬಂತು. ಪೆಟ್ಟಿಗೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಸಂಜೆ ಪದ್ಮಜಾ ದೇವರ ಮುಂದೆ ದೀಪ ಹಚ್ಚಿ ಬಂದಾಗ ರಘೋತ್ತಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ.

"ನೀನು ಬಾಲ್ಕನಿಯಲ್ಲಿ ಒಣಗಹಾಕಿದ್ಯಲ್ಲ, ಆ ಪದ ನೋಡ್ಲೇನೇ?" ಎಂದ. ಅದು ಯಾವ ಪದವೆಂದು ಅವನಿಗೆ ಹೆಲೆನ್ ಹೇಳಿದ್ದಳು.

ಅವಳು ಬೇಡ ಅನ್ನಲಿಲ್ಲ. ಅವನು ಗೊತ್ತಿದ್ದ ಅಕ್ಷರಗಳನ್ನು ಒತ್ತಿ, ನಡುವೆ ಎರಡು ಖಾಲಿ ಬಿಟ್ಟ. ಗಾಜಿನ ಮೇಲೆ ಪದ ಮೂಡಿತು, ಕೆಳಗೆ ಇಪ್ಪತ್ತನಾಲ್ಕು ಮನೆ ತುಂಬಿದವು. ರಘೋತ್ತಮ ಓದಿದ. ಇನ್ನೊಂದು ಸಲ ಓದಿದ.

"ಯಾರೇ ಇದು?" ಎಂದ ಮೆಲ್ಲಗೆ.

"ನಮ್ಮಜ್ಜಿ, ರೀ. ವಿಧವೆ," ಎಂದಳು ಪದ್ಮಜಾ, ಮನೆಯೊಳಗೇ, ದೀಪ ಹಚ್ಚಿದ ಮೇಲೆ.